ಎತ್ತಿನ ನಡಿಗೆಯ ಗಾಡಿಗೆ ಒಂದು ನಂಬರ್ ಕೊಡಿ

ಕಬ್ಬಿಣದ ಪೈಪು ಬಗ್ಗಿಸಿ ಪಂಜರ ಮಾಡಿ, ಅದರ ಕೆಳಗೆ ಹಳೇ ಜೀಪಿನ ಎರಡು ಆಕ್ಸಲ್ ಕೂಡಿಸಿ, ಬಂಡೆಗಲ್ಲು ಹತ್ತುವ ಗಾಡಿಯನ್ನು ಮನೆಯ ಹಿತ್ತಲಲ್ಲೇ ಕಟ್ಟುವ ಹವ್ಯಾಸ ಒಂದಿದೆ. ನಮ್ಮ ಮಗ್ಗುಲ ಗೋವಾದಲ್ಲಿ 2014ರಿಂದ ‘ರೇನ್‌ಫಾರೆಸ್ಟ್ ಚಾಲೆಂಜ್’ ಎಂಬ ಕೆಸರು-ಕಲ್ಲಿನ ಸ್ಪರ್ಧೆ ಶುರುವಾದ ಮೇಲೆ ಹುಬ್ಬಳ್ಳಿ-ಧಾರವಾಡದ ಹುಡುಗರ ಬಾಯಲ್ಲೂ ಇಂಥ ಗಾಡಿಗಳ ಮಾತು ಕೇಳಿಬರುತ್ತದೆ. ‘ಉಂಡು ಹೆಚ್ಚಾದವರ ಆಟ’ ಎಂದು ನಮ್ಮ ಕಟ್ಟೆಯ ಮೇಲೆ ನಗುವವರೇ ಬಹಳ.

ಹೊಟ್ಟೆಪಾಡಿಗೆ ಅಲ್ಲ, ಆಟಕ್ಕೇ ಕಟ್ಟುತ್ತಾರೆ, ಖರೆ. ಆದರೆ ಅಂಥ ಗಾಡಿಯ ಅಡಿಗೆ ಬಾಗಿ ನೋಡಿದರೆ ಅಲ್ಲಿ ಕಾಣುವುದೆಲ್ಲ ಒಕ್ಕಲುತನಕ್ಕೆ ಬೇಕಾದ ಸಾಮಾನೇ. ನನ್ನ ವಾದ ಇಷ್ಟು: ಹೊಲಕ್ಕೆ ಹೋಗಿಬರುವ ನಿಧಾನದ ಸಣ್ಣ ಗಾಡಿಯನ್ನು ರೈತ ಊರ ಮಿಸ್ತ್ರಿಯ ಜೊತೆ ಸೇರಿ ತಾನೇ ಕಟ್ಟಿಕೊಳ್ಳಬಲ್ಲ. ಹಾಗೆ ಕಟ್ಟಿದ ಗಾಡಿಯನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ, ಊರ ರಸ್ತೆಯ ಮೇಲೆ ಓಡಲು ಸರ್ಕಾರ ಒಂದು ನಂಬರ್ ಕೊಡಬೇಕು.

ನಿಧಾನದ ವಿದ್ಯೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಬಿಕಾನ್ ಎಂಬ ಕಲ್ಲುದಾರಿ ಇದೆ. 1953ರಿಂದ ಅಲ್ಲಿ ಜೀಪುಗಳ ಜಾತ್ರೆ ನಡೆಯುತ್ತ ಬಂದಿದೆ. ಆಳೆತ್ತರದ ಬಂಡೆಗಳ ಮೇಲೆ ಗಾಡಿ ಹತ್ತಿಸುತ್ತಾರೆ. ದೊಡ್ಡ ಎಂಜಿನ್ ಇದ್ದರೆ ಬಂಡೆ ಹತ್ತಬಹುದು ಎಂದು ನಮಗೆ ಅನ್ನಿಸುತ್ತದೆ. ಆ ಜನ ಹೇಳುವುದು ಬೇರೆ. ಗಾಡಿ ಎಷ್ಟು ಮೆಲ್ಲಗೆ ಹೋಗಬಲ್ಲದು ಎನ್ನುವುದೇ ಅಲ್ಲಿ ಮುಖ್ಯ.

ನಮಗೆಲ್ಲ ಗೊತ್ತಿರುವ ಹಳೇ ವಿಲ್ಲಿಸ್ ಜೀಪಿನ ಲೆಕ್ಕ ನೋಡೋಣ. 1947ರಿಂದ ಮಹೀಂದ್ರಾದವರು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು ಈ ವಿಲ್ಲಿಸ್ ಜೀಪನ್ನೇ. ಆ ನಮೂನೆಯ ಸಿಜೆ-3ಬಿ ಜೀಪಿನಲ್ಲಿ ಮೊದಲ ಗೇರು 2.8ಕ್ಕೆ 1. ನಾಲ್ಕೂ ಗಾಲಿಗೆ ಶಕ್ತಿ ಹಂಚುವ ಪೆಟ್ಟಿಗೆಯ ಕೆಳಗಿನ ಗೇರು 2.46ಕ್ಕೆ 1. ಆಕ್ಸಲ್‌ನಲ್ಲಿ 5.38ಕ್ಕೆ 1. ಮೂರನ್ನೂ ಗುಣಿಸಿದರೆ ಸುಮಾರು 37. ಎಂದರೆ ಎಂಜಿನ್ 37 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಗಾಡಿ ತಾಸಿಗೆ ಮೂರೂವರೆ ಕಿಲೋಮೀಟರಿನ ಆಸುಪಾಸು ಹೋಗುತ್ತದೆ. ಮನುಷ್ಯ ಅವಸರವಿಲ್ಲದೆ ನಡೆಯುವ ವೇಗ ಅದು. ಇದಕ್ಕೆ 3ಕ್ಕೆ 1 ಇಳಿಸುವ ಇನ್ನೊಂದು ಗೇರ್ ಬಾಕ್ಸ್ ಸೇರಿಸಿದರೆ 37 ಹೋಗಿ 111 ಆಗುತ್ತದೆ. ಗಾಡಿ ತಾಸಿಗೆ ಒಂದು ಕಿಲೋಮೀಟರಿಗೆ ತುಸು ಹೆಚ್ಚು ಓಡುತ್ತದೆ. ಅಷ್ಟರಮಟ್ಟಿಗೆ ಎಳೆಯುವ ಬಲವೂ ಹೆಚ್ಚುತ್ತದೆ.

ಇದು ಎತ್ತಿನ ನಡಿಗೆಯಲ್ಲವೆ? ತಗ್ಗು ಬಂದರೆ ಎತ್ತು ಓಡುವುದಿಲ್ಲ, ಹೆಜ್ಜೆ ಊರಿ ಎಳೆಯುತ್ತದೆ. ನಮ್ಮ ಹಿರಿಯರು ಗಳೇವು ಹೊಡೆಯುತ್ತ ಕಲಿತದ್ದನ್ನೇ ಅವರು ಹಲ್ಲುಗಾಲಿಯಲ್ಲಿ ಮಾಡಿಕೊಂಡಿದ್ದಾರೆ.

ಎರಡನೆಯ ಪಾಠ ಟೈರಿನದು. ಕಲ್ಲು ಹತ್ತುವವರು ಟೈರಿನ ಗಾಳಿಯನ್ನು 30 ಪೌಂಡಿನಿಂದ 12-15ಕ್ಕೆ ಇಳಿಸುತ್ತಾರೆ. ಒಂದು ಗಾಲಿಯ ಮೇಲೆ 200 ಕಿಲೋ ಭಾರ ಇದೆ ಎನ್ನಿ. 30 ಪೌಂಡು ಗಾಳಿ ಇದ್ದಾಗ ಟೈರು ನೆಲವನ್ನು ಮುಟ್ಟುವುದು ಸುಮಾರು 95 ಚದರ ಸೆಂಟಿಮೀಟರು. 12 ಪೌಂಡಿಗೆ ಇಳಿಸಿದರೆ ಸುಮಾರು 240. ಎರಡೂವರೆ ಪಟ್ಟು ಅಗಲದ ಪಾದ. ಹಿಡಿತವೂ ಸಿಗುತ್ತದೆ, ಹೊಲದ ಮಣ್ಣು ಗಟ್ಟಿಯಾಗುವುದೂ ಕಡಿಮೆ.

ಮೂರನೆಯದು ಡಿಫರೆನ್ಶಿಯಲ್ ಲಾಕ್. ಒಂದು ಗಾಲಿ ಕೆಸರಲ್ಲಿ ಸುಮ್ಮನೆ ಗಿರಗಿರ ತಿರುಗುತ್ತ, ಗಟ್ಟಿ ನೆಲದ ಮೇಲಿನ ಇನ್ನೊಂದು ಗಾಲಿ ಅಲುಗದೆ ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ. ಎರಡನ್ನೂ ಕಟ್ಟಿಹಾಕಿದರೆ ಹಿಡಿತ ಇದ್ದ ಗಾಲಿ ಗಾಡಿಯನ್ನು ಎತ್ತುತ್ತದೆ. ಟ್ರ್ಯಾಕ್ಟರಿನಲ್ಲಿ ಕಾಲಿನಿಂದ ಒತ್ತುವ ಪೆಡಲು ಇರುವುದು ಇದಕ್ಕೇ.

ಚಕ್ಕಡಿ ದಾರಿಯ ಸಂಕಟ

ಕರಾವಳಿ, ಮಲೆನಾಡಿನ ಓದುಗರಿಗೆ ನಮ್ಮ ಕಡೆಯ ಒಂದು ಸಂಗತಿ ಹೇಳಬೇಕು. ನಿಮ್ಮಲ್ಲಿ ಮನೆಯ ಅಂಗಳ ಇಳಿದರೆ ತೋಟ. ನಮ್ಮಲ್ಲಿ ಮನೆಗಳೆಲ್ಲ ಊರೊಳಗೆ, ಹೊಲ ಎರಡು ಮೂರು ಕಿಲೋಮೀಟರ್ ಆಚೆ. ಅದೂ ಒಂದೇ ಕಡೆ ಇಲ್ಲ. ಅಣ್ಣತಮ್ಮಂದಿರ ಪಾಲಾಗಿ ಊರಿನ ಮೂಡಲಿಗೆ ಎರಡು ಎಕರೆ, ಪಡುವಲಿಗೆ ಒಂದೂವರೆ ಎಕರೆ. ನಡುವೆ ಡಾಂಬರು ರಸ್ತೆ, ಅದರಿಂದ ಇಳಿದರೆ ಚಕ್ಕಡಿ ದಾರಿ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಎರೆ ಮಣ್ಣು. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ಅಂಟಾಗುತ್ತದೆ. ಕಲಘಟಗಿ, ಅಳ್ನಾವರದ ಕಡೆ ಏರಿಳಿವು, ಕಲ್ಲು, ಕೊರಕಲು. ಬೆಣ್ಣಿಹಳ್ಳ, ತುಪರಿಹಳ್ಳ ತುಂಬಿದರೆ ಆಚೆ ದಂಡೆಯ ಹೊಲ ಇದ್ದೂ ಇಲ್ಲದಂತೆ. 2019ರ ಆಗಸ್ಟಿನ ನೆರೆಯನ್ನು ಈ ಭಾಗದವರು ಮರೆತಿಲ್ಲ.

ಹೆಸರು ಬೆಳೆಯುವವರನ್ನು ಕೇಳಿ. ಮುಂಗಾರಿ ಹೆಸರು ಒಕ್ಕಲಿಗೆ ಬರುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ, ಮಳೆ ಇನ್ನೂ ಬಿಟ್ಟಿರುವುದಿಲ್ಲ. ಕಾಯಿ ಬಿಡಿಸಿ ಹೊಲದಲ್ಲಿ ಗುಂಪಿ ಹಾಕಿ, ಸಾಗಿಸಲು ಎರಡು ದಿನ ತಡವಾದರೆ ಕಾಯಿಯೊಳಗೇ ಮೊಳಕೆ. ಟ್ರ್ಯಾಕ್ಟರ್ ಬಾಡಿಗೆಗೆ ಕರೆದರೆ ಆತ ದಾರಿ ನೋಡಿ, ‘ಟ್ರೇಲರ್ ಒಳಗ ಬರೂದಿಲ್ರಿ, ರಸ್ತೆಗೆ ತಂದು ಹಾಕ್ರಿ’ ಎನ್ನುತ್ತಾನೆ. ಅವನದೂ ತಪ್ಪಲ್ಲ. ಟನ್ನುಗಟ್ಟಲೆ ಭಾರದ ಗಾಡಿ ಒಮ್ಮೆ ಹೂತರೆ ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ಬೇಕು. ಎರಡೂ ಸೇರಿ ಚಕ್ಕಡಿ ದಾರಿಯಲ್ಲಿ ಮೊಳ ಆಳದ ಜಾಡು ಕೊರೆಯುತ್ತವೆ. ಆಮೇಲೆ ಆ ದಾರಿಯಲ್ಲಿ ಚಕ್ಕಡಿಯೂ ಹೋಗದು.

ಮೊದಲು ಮನೆಗೊಂದು ಜೋಡಿ ಎತ್ತು ಇರುತ್ತಿದ್ದವು. ಕಾರ ಹುಣ್ಣಿಮೆಗೆ ನಮ್ಮ ಓಣಿ ತುಂಬ ಗೆಜ್ಜೆ ಸಪ್ಪಳ. ಈಗ ಓಣಿಗೆ ಎರಡು ಜೋಡಿ ಉಳಿದಿದ್ದರೆ ಹೆಚ್ಚು. ನಾಲ್ಕು ಎಕರೆಯವನಿಗೆ ವರ್ಷವೆಲ್ಲ ಮೇವು ಹಾಕಿ ಎತ್ತು ಸಾಕುವುದು ಕಷ್ಟ. ಸಾಲ ಮಾಡಿ ಟ್ರ್ಯಾಕ್ಟರ್ ಕೊಂಡರೆ ಕಂತು ಕಟ್ಟುವುದು ಇನ್ನೂ ಕಷ್ಟ. ಬಾಡಿಗೆ ಯಂತ್ರದ ಕೇಂದ್ರಗಳು ಇವೆ, ಒಳ್ಳೆಯದೇ. ಆದರೆ ಹೆಸರು ಒಣಗುವುದು ಎಲ್ಲರ ಹೊಲದಲ್ಲೂ ಒಂದೇ ವಾರ. ಎತ್ತಿಗೂ ಟ್ರ್ಯಾಕ್ಟರಿಗೂ ನಡುವಿನ ಈ ಜಾಗ ಖಾಲಿ ಬಿದ್ದಿದೆ.

ನಾವು ಕಟ್ಟಿದ್ದು

ನಮ್ಮ ಅಣ್ಣನ ಮಗನೂ ನಾನೂ ಊರ ವೆಲ್ಡಿಂಗ್ ಮಿಸ್ತ್ರಿಯ ಜೊತೆ ಸೇರಿ ಇಂಥದೊಂದು ಗಾಡಿ ಕಟ್ಟಿದೆವು. ಹಿಂದೆ ಮುಂದೆ ಹಳೇ ಜೀಪಿನ ಆಕ್ಸಲ್, ಒಂದರ ಹಿಂದೆ ಒಂದು ಎರಡು ಗೇರ್ ಬಾಕ್ಸ್, ಗುಜರಿಗೆ ಹೋಗಬೇಕಿದ್ದ ಆಟೋರಿಕ್ಷಾದ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್. ಹಿಂದೆ ಏಳೆಂಟು ಚೀಲ ಹಿಡಿಸುವ ಡಬ್ಬಿ. ಒಟ್ಟು ಖರ್ಚು ಒಂದು ಒಳ್ಳೇ ಜೋಡಿ ಎತ್ತಿನ ಬೆಲೆಗಿಂತ ತುಸು ಹೆಚ್ಚು.

ಅಣ್ಣನ ಮಗನಿಗೆ ಮೊದಲು ದೊಡ್ಡ ಎಂಜಿನ್ ಮೇಲೆ ಕಣ್ಣು. ‘ಕಾಕಾ, ನಾಕ ಸಿಲಿಂಡರ್ ಹಾಕೂನು, ಮ್ಯಾಲೆ ಜಿಗದ ಹೊಕ್ಕೈತಿ’ ಅಂದ. ‘ಜಿಗಿಯೂದು ಬ್ಯಾಡಪಾ, ಏರೂದು ಬೇಕು. ಚೀಲದಾಗ ಹೆಸರ ಅದಾವ, ಬಣವ್ಯಾಗಿನ ಹೊಟ್ಟಲ್ಲ’ ಅಂದೆ. ಗಾಡಿ ಮೊದಲ ಸಲ ಒಡ್ಡು ಹತ್ತಿ ಇಳಿದ ಮೇಲೆ ಅವನೂ ಎಂಜಿನ್ ಮಾತು ಬಿಟ್ಟ.

ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎರಡನ್ನೂ ಹೇಳುತ್ತೇನೆ. ಮಳೆ ನಿಂತ ಮರುದಿನ, ಟ್ರ್ಯಾಕ್ಟರಿಗೆ ಇನ್ನೂ ಮೂರು ದಿನ ಕಾಯಬೇಕು ಎನ್ನುವಾಗ, ಇದು ಹೊಲದಿಂದ ಚೀಲ ಹೊರತರುತ್ತದೆ. ಒಡ್ಡು, ಕೊರಕಲು ದಾಟುತ್ತದೆ. ಔಷಧ ಹೊಡೆಯುವ ಪಂಪು, ನೀರಿನ ಡ್ರಮ್ಮು, ಗೊಬ್ಬರ ಒಯ್ಯುತ್ತದೆ. ಆದರೆ ಧಾರಾಕಾರ ಮಳೆಯಲ್ಲಿ ನೆನೆದ ಎರೆ ಭೂಮಿಯಲ್ಲಿ ಇದೂ ನಿಲ್ಲುತ್ತದೆ. ಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಬಂಡಿಯ ಗಾತ್ರ ಆಗುತ್ತದೆ. ಎರೆ ಮಣ್ಣಿನ ಮುಂದೆ ಎಂಥ ಯಂತ್ರವೂ ಕೈಮುಗಿಯಬೇಕು. ಹರಿಯುವ ಹಳ್ಳಕ್ಕಂತೂ ಇಳಿಸಲೇಬಾರದು. ಉಳುಮೆಗೆ ಇದನ್ನು ನಾವು ಹಚ್ಚುವುದಿಲ್ಲ, ಆ ಕೆಲಸಕ್ಕೆ ಎತ್ತು ಅಥವಾ ಟ್ರ್ಯಾಕ್ಟರೇ ಸರಿ.

ಈ ಗಾಡಿ ಹೊಲದಲ್ಲೇ ತಗಡಿನ ಚಪ್ಪರದ ಕೆಳಗೆ ಇರುತ್ತದೆ. ಡಾಂಬರು ರಸ್ತೆಗೆ ಏರಿಸುವಂತಿಲ್ಲ. ಚೀಲಗಳನ್ನು ರಸ್ತೆಯ ಅಂಚಿಗೆ ತಂದು ಇಳಿಸಿ, ಅಲ್ಲಿ ಬಾಡಿಗೆ ಗಾಡಿಗೆ ಮತ್ತೆ ಏರಿಸುತ್ತೇವೆ. ಏರಿಸಲು ಒಮ್ಮೆ ಕೂಲಿ, ಇಳಿಸಿ ಮತ್ತೆ ಏರಿಸಲು ಇನ್ನೊಮ್ಮೆ ಕೂಲಿ. ರಸ್ತೆಯ ಆಚೆ ಇರುವ ನಮ್ಮದೇ ಇನ್ನೊಂದು ಹೊಲಕ್ಕೆ ಇದು ಇದ್ದೂ ಇಲ್ಲ.

ಒಂದು ಕಚೇರಿಗೆ ಹೋಗಿ ಕೇಳಿದೆ. ‘ಇದು ಯಾವ ಕಂಪನೀದ್ರೀ?’ ಅಂದರು. ‘ಯಾವ ಕಂಪನೀದೂ ಅಲ್ರಿ ಸಾಹೇಬ್ರ, ನಾವ ಕಟ್ಟೀವಿ’ ಅಂದೆ. ‘ಹಂಗಾರ ಇದು ಗಾಡೀನ ಅಲ್ಲ’ ಅಂದರು. ‘ಗಾಡಿ ಅಲ್ಲಂದ್ರ ನಂಬರ್ ಬ್ಯಾಡೇನ್ರಿ?’ ಎಂದು ಕೇಳಿದ್ದಕ್ಕೆ ‘ರಸ್ತೆಗೆ ತಂದ್ರ ಹಿಡೀತೀವಿ’ ಎಂಬ ಉತ್ತರ ಬಂತು.

ಕಾನೂನು ಏನನ್ನುತ್ತದೆ

ಅವರು ಹೇಳಿದ್ದು ಕಾನೂನಿನ ಮಾತೇ. ಮೋಟಾರು ವಾಹನ ಕಾಯ್ದೆಯ ಪ್ರಕಾರ ರಸ್ತೆಯ ಮೇಲೆ ಓಡಲು ಯೋಗ್ಯವಾದ ಯಾವುದೇ ಯಂತ್ರದ ಗಾಡಿಗೆ ನೋಂದಣಿ ಬೇಕು. ಕಾರ್ಖಾನೆ ಅಥವಾ ಆವರಣದೊಳಗೆ ಮಾತ್ರ ಬಳಸುವ ವಿಶೇಷ ಗಾಡಿಗೆ ವಿನಾಯಿತಿ ಇದೆ. ನಮ್ಮ ಹೊಲಗಳಿಗೆ ಆವರಣ ಎಲ್ಲಿಂದ ಬರಬೇಕು, ಒಡ್ಡು ಬಿಟ್ಟರೆ ಬೇಲಿಯೂ ಇಲ್ಲ. ಉತ್ತರ ಭಾರತದಲ್ಲಿ ಪಂಪ್‌ಸೆಟ್ ಎಂಜಿನ್ ಕೂಡಿಸಿದ ‘ಜುಗಾಡ್’ ಗಾಡಿಗಳ ವಿಷಯದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು, ಅವೂ ಮೋಟಾರು ವಾಹನಗಳೇ, ಅವಕ್ಕೂ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ ಎಂದು 2019ರ ಜನವರಿಯಲ್ಲಿ ಮತ್ತೆ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ ಹಾಗೆ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೆ ಎರಡೂ ಎಂದಿದೆ.

ಹೊಸ ಗಾಡಿಗೆ ನಂಬರ್ ಬೇಕಾದರೆ ಮೊದಲು ಅದರ ಮಾದರಿಗೆ ಪುಣೆಯ ಎಆರ್‌ಎಐ ಅಂಥ ಸಂಸ್ಥೆಯಲ್ಲಿ ಪರೀಕ್ಷೆಯಾಗಬೇಕು. ಸಾವಿರಗಟ್ಟಲೆ ಗಾಡಿ ಮಾರುವ ಕಂಪನಿಗೆ ಅದು ಸರಿ. ಜೀವಮಾನದಲ್ಲಿ ಒಂದೇ ಗಾಡಿ ಕಟ್ಟುವ ರೈತನಿಗೆ ಅಲ್ಲಿ ಬಾಗಿಲೇ ಇಲ್ಲ.

ಕಾನೂನು ಸುಳ್ಳು ಎಂದು ನಾನು ಹೇಳುವುದಿಲ್ಲ. ಬ್ರೇಕ್ ಇಲ್ಲದ, ದೀಪ ಇಲ್ಲದ, ವಿಮೆ ಇಲ್ಲದ ಗಾಡಿ ಶಾಲೆ ಬಿಟ್ಟ ಮಕ್ಕಳ ಮೇಲೆ ಹೋದರೆ ಯಾರು ಹೊಣೆ? ನಂಬರ್ ಇಲ್ಲದ ಗಾಡಿಗೆ ವಿಮೆ ಇಲ್ಲ. ವಿಮೆ ಇಲ್ಲದೆ ಅಪಘಾತವಾದರೆ ಪರಿಹಾರ ಕೊಡಲು ಹೊಲ ಮಾರಬೇಕು. ಸತ್ತವನ ಮನೆಯೂ ಹಾಳು, ಹೊಡೆಸಿದವನ ಮನೆಯೂ ಹಾಳು. ಆದ್ದರಿಂದಲೇ ‘ನಮ್ಮನ್ನು ಕಾನೂನಿನಿಂದ ಬಿಟ್ಟುಬಿಡಿ’ ಎಂದು ಕೇಳಬಾರದು, ಕಾನೂನಿನ ಒಳಗೆ ಸೇರಿಸಿಕೊಳ್ಳಿ ಎಂದು ಕೇಳಬೇಕು.

ಬೇರೆ ಕಡೆ ಹಾದಿ ಇದೆ

ಸ್ವೀಡನ್ ದೇಶದಲ್ಲಿ ಎರಡನೇ ಮಹಾಯುದ್ಧದ ಕಾಲಕ್ಕೆ ಟ್ರ್ಯಾಕ್ಟರಿಗೆ ಬರ ಬಂತು. ಅಲ್ಲಿಯ ರೈತರು ಹಳೇ ಕಾರುಗಳನ್ನು ಕತ್ತರಿಸಿ ತಾವೇ ಟ್ರ್ಯಾಕ್ಟರ್ ಮಾಡಿಕೊಂಡರು. ಒಂದರ ಹಿಂದೆ ಒಂದು ಎರಡು ಗೇರ್ ಬಾಕ್ಸ್ ಜೋಡಿಸಿ ವೇಗ ಇಳಿಸುವುದು ಅವರಲ್ಲೂ ರೂಢಿಯಲ್ಲಿತ್ತು. ಸರ್ಕಾರ ಅವನ್ನು ಗುಜರಿಗೆ ಹಾಕಿಸಲಿಲ್ಲ, ನಿಯಮ ಮಾಡಿತು. 1963ರಲ್ಲಿ ‘ಎ-ಟ್ರ್ಯಾಕ್ಟರ್’ ಎಂಬ ವರ್ಗವನ್ನೇ ತಂದಿತು. ಈಗ ಅದರ ವೇಗದ ಮಿತಿ ತಾಸಿಗೆ 30 ಕಿಲೋಮೀಟರು. ಹಿಂದೆ ನಿಧಾನದ ಗಾಡಿ ಎಂದು ತಿಳಿಸುವ ತ್ರಿಕೋನದ ಫಲಕ ಇರಬೇಕು. ಹುಡುಗರು ಅದನ್ನು ಮೋಜಿಗೆ ಓಡಿಸತೊಡಗಿ ಅಪಘಾತ ಹೆಚ್ಚಿದಾಗ, 2023ರಲ್ಲಿ ಸೀಟು-ಬೆಲ್ಟಿನ ನಿಯಮ ಬಿಗಿ ಮಾಡಿದರು. ವರ್ಗವನ್ನು ರದ್ದು ಮಾಡಲಿಲ್ಲ. ಜರ್ಮನಿಯಲ್ಲಿ ತಾಸಿಗೆ 6 ಕಿಲೋಮೀಟರಿಗಿಂತ ಹೆಚ್ಚು ಓಡಲಾರದ ಗಾಡಿಗೆ ನೋಂದಣಿಯೇ ಬೇಡ.

ನಮ್ಮಲ್ಲೂ ‘ಹೊಲದ ಗಾಡಿ’ ಎಂಬ ಒಂದು ವರ್ಗ ಯಾಕೆ ಬೇಡ? ವೇಗ ತಾಸಿಗೆ 15 ಕಿಲೋಮೀಟರು ಮೀರದಂತೆ ಗೇರಿನಲ್ಲೇ ಕಟ್ಟುಪಾಡು. ಹಗಲು ಹೊತ್ತು ಮಾತ್ರ. ಊರ ರಸ್ತೆಗಳಿಗೆ ಮಾತ್ರ, ಹೆದ್ದಾರಿಗೆ ಇಲ್ಲ. ಬಾಡಿಗೆಗೆ ಓಡಿಸುವಂತಿಲ್ಲ, ಮದುವೆ ಮಂದಿ ಹೇರುವಂತಿಲ್ಲ. ವರ್ಷಕ್ಕೊಮ್ಮೆ ಪರೀಕ್ಷೆ. ಕಡಿಮೆ ಕಂತಿನ ವಿಮೆ.

ಕಬ್ಬಿಣ ನಮಗೆ ಹೊಸದಲ್ಲ

‘ರೈತರಿಗೆ ಇದೆಲ್ಲ ಆಗ್ತದೇನು?’ ಎನ್ನುವವರಿಗೆ ನಮ್ಮ ಸೀಮೆಯನ್ನೇ ತೋರಿಸುತ್ತೇನೆ. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಎಂದು ಜನ ಹೆದರಿ, ಮೊದಮೊದಲು ಅದನ್ನು ಕೊಳ್ಳುವವರೇ ಇರಲಿಲ್ಲ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆ ಬೀಜ ಬೇರೆ ಮಾಡುವ ಯಂತ್ರ, ಬಿತ್ತುವ ಕೂರಿಗೆ, ನೀರು ಕಾಯಿಸುವ ಬಾಯ್ಲರ್ ಎಲ್ಲ ಮಾಡಿದರು. ನಸುಕಿನಲ್ಲಿ ಎಚ್ಚರವಾಗಲು ಅವರು ಮೊದಲು ಮಾಡಿಕೊಂಡದ್ದು ಮುಖದ ಮೇಲೆ ನೀರು ಸುರಿಯುವ ಅಲಾರಂ ಅಂತೆ! 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗುಜರಾತಿನ ಅಮ್ರೇಲಿಯ ಮನ್ಸುಖಭಾಯಿ ಜಗಾನಿ ಬುಲೆಟ್ ಮೋಟಾರ್‌ಸೈಕಲ್ಲಿಗೆ ಕುಂಟೆ ಕಟ್ಟಿದರು. ಬಂಟ್ವಾಳದ ಕಡೆಯ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಯಂತ್ರ ಮಾಡಿದ್ದು 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಯಾರೂ ದೊಡ್ಡ ಕಾರ್ಖಾನೆಯಿಂದ ಬಂದವರಲ್ಲ.

ಪರೀಕ್ಷೆ ಮಾಡುವವರು ಬೇಕೆ? ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯ ಇದೆ, 2016ರಿಂದ ಐಐಟಿ ಇದೆ. ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಕಾಲೇಜು ಬೆಳೆದು ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಗಾಡಿ ಕಟ್ಟಿ ಕಲ್ಲು-ಕೆಸರಿನಲ್ಲಿ ಓಡಿಸುವ ‘ಬಾಹಾ’ ಸ್ಪರ್ಧೆ 2007ರಿಂದ ನಮ್ಮ ದೇಶದಲ್ಲಿ ನಡೆಯುತ್ತಿದೆ. ಆ ಹುಡುಗರ ವಿದ್ಯೆ ಸ್ಪರ್ಧೆ ಮುಗಿದ ಮೇಲೆ ಎಲ್ಲಿ ಹೋಗುತ್ತದೆ? ಧಾರವಾಡದ ಕೃಷಿ ಮೇಳದಲ್ಲಿ ಹೊಲದ ಗಾಡಿಗೂ ಒಂದು ಅಖಾಡ ಆಗಲಿ. ಏಳೆಂಟು ಚೀಲ ಹೇರಿ, ಕೆಸರು ದಾಟಿ, ಒಡ್ಡು ಹತ್ತಿ ಇಳಿದು, ಕಡಿಮೆ ಡೀಸೆಲ್‌ನಲ್ಲಿ ಬಂದವನಿಗೆ ಬಹುಮಾನ. ರೈತ, ಮಿಸ್ತ್ರಿ, ವಿದ್ಯಾರ್ಥಿ ಮೂವರೂ ಕೂಡಿ ಕಟ್ಟಿದ್ದಿರಲಿ.

ನಮ್ಮ ಪಾಲಿನ ಶಿಸ್ತು

ನಂಬರ್ ಕೇಳುವ ಮೊದಲು ನಾವು ಕಟ್ಟುವುದನ್ನು ಸರಿಯಾಗಿ ಕಟ್ಟಬೇಕು. ಕಟ್ಟುವ ಮನಸ್ಸಿದ್ದವರು ಇಷ್ಟನ್ನಾದರೂ ಪಾಲಿಸಿ.

1. ತಲೆಯ ಮೇಲೆ ಪೈಪಿನ ಪಂಜರ ಇಲ್ಲದೆ ಗಾಡಿ ಹೊರಡಿಸಬೇಡಿ. ಒಡ್ಡಿನ ಮೇಲೆ ಗಾಡಿ ಮಗುಚಿದರೆ ಜೀವ ಉಳಿಸುವುದು ಅದೊಂದೇ. ಬಾಹಾ ಸ್ಪರ್ಧೆಯಲ್ಲಿ ಮುಖ್ಯ ಪೈಪಿಗೆ 25.4 ಮಿಲಿಮೀಟರ್ ಹೊರ ಅಳತೆ, 3 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಯನ್ನು ಅಳತೆಗೋಲಾಗಿ ಇಟ್ಟಿದ್ದಾರೆ. ಅದು ಒಬ್ಬನೇ ಕೂಡುವ ಹಗುರ ಗಾಡಿಯ ಮಾತು. ಚೀಲ ಹೇರುವ ಗಾಡಿಗೆ ಇನ್ನೂ ಗಟ್ಟಿ ಬೇಕು.

2. ನೀರಿನ ಜಿಐ ಪೈಪು ಬಳಸಬೇಡಿ. ಗಾಡಿಯ ಭಾರ ಹೊರಲು ಮಾಡಿದ್ದಲ್ಲ ಅದು. ಮೇಲಿನ ಸತುವಿನ ಲೇಪ ವೆಲ್ಡಿಂಗ್ ಬಿಸಿಗೆ ಹೊಗೆಯಾಗಿ ಮಿಸ್ತ್ರಿಗೆ ಜ್ವರ ಬರಿಸುತ್ತದೆ, ಬೆಸುಗೆಯೂ ಪೊಳ್ಳಾಗುತ್ತದೆ.

3. ಪಂಜರ ಇದ್ದ ಮೇಲೆ ಸೀಟಿನ ಬೆಲ್ಟೂ ಬೇಕು. ಬೆಲ್ಟಿಲ್ಲದವನು ಮಗುಚುವಾಗ ಹೊರಬಿದ್ದು ಅದೇ ಪಂಜರದ ಕೆಳಗೆ ಸಿಗುತ್ತಾನೆ.

4. ಗೇರ್ ಇಳಿಸಿದಷ್ಟೂ ಆಕ್ಸಲ್ ಮೇಲೆ ಒತ್ತಡ ಹೆಚ್ಚು. ಎರಡು ಗೇರ್ ಬಾಕ್ಸಿನ ಗಾಡಿಯಲ್ಲಿ ಎಕ್ಸಿಲರೇಟರ್ ಮೇಲೆ ಕಾಲು ಹಗುರ ಇರಬೇಕು. ಡಿಫರೆನ್ಶಿಯಲ್ಲಿಗೆ ವೆಲ್ಡಿಂಗ್ ಹೊಡೆದು ಕಾಯಂ ಕಟ್ಟಿಹಾಕುವವರಿದ್ದಾರೆ. ಹೊಲದಲ್ಲಿ ಅದು ನಡೆದೀತು. ಡಾಂಬರಿನ ಮೇಲೆ ಗಾಡಿ ತಿರುಗಲು ಹಟ ಮಾಡುತ್ತದೆ, ಟೈರು ಸವೆಯುತ್ತದೆ, ಆಕ್ಸಲ್ ಮುರಿಯುತ್ತದೆ.

5. ಬ್ರೇಕು ನಾಲ್ಕೂ ಗಾಲಿಗೆ. ತಿರುಗುವ ಚೈನು, ಬೆಲ್ಟು, ಶಾಫ್ಟಿಗೆ ತಗಡಿನ ಮುಚ್ಚಳ. ಧೋತರದ ಅಂಚು, ಸೀರೆಯ ಸೆರಗು ಅದಕ್ಕೆ ಸಿಕ್ಕರೆ ಬಿಡಿಸಲು ಸಮಯ ಇರುವುದಿಲ್ಲ.

ಓದುಗರಲ್ಲಿ ಇಂಥ ಗಾಡಿ ಕಟ್ಟಿದವರು ಇದ್ದರೆ ಅಳತೆ, ಖರ್ಚು, ತೊಡಕು ಎಲ್ಲವನ್ನೂ ಈ ಪತ್ರಿಕೆಗೆ ಬರೆಯಿರಿ. ಮುಚ್ಚಿಟ್ಟುಕೊಂಡು ಓಡಿಸುವ ನೂರು ಗಾಡಿಗಿಂತ, ಎದೆ ತಟ್ಟಿ ಇದು ನಮ್ಮದು, ಪರೀಕ್ಷೆ ಮಾಡಿರಿ ಎನ್ನುವ ಹತ್ತು ಗಾಡಿ ಮೇಲು. ಹತ್ತು ಗಾಡಿಗಳ ಲೆಕ್ಕ ಕೈಯಲ್ಲಿದ್ದರೆ ಶಾಸಕರ ಮುಂದೆ, ಸಾರಿಗೆ ಇಲಾಖೆಯ ಮುಂದೆ ಇಡಲು ನಮಗೊಂದು ಅರ್ಜಿ ಸಿದ್ಧವಾಗುತ್ತದೆ. ಮುಂದಿನ ಹೆಸರಿನ ಸುಗ್ಗಿಯೊಳಗೆ ಆ ಅರ್ಜಿ ಬರೆಯೋಣ.